ಕೂಸಿನ ಲಸಿಕೆಗೆ ಅಳತೆ ಯಾವುದು?

ಆರು ತಿಂಗಳ ಕೂಸಿಗೆ ಭೇದಿ ಹತ್ತಿತೆಂದರೆ ಅದರ ಪುಟ್ಟ ದೇಹದ ನೀರೂ ಉಪ್ಪೂ ಬಹು ಬೇಗ ಬರಿದಾಗುತ್ತವೆ. ಬಡ ನಾಡುಗಳಲ್ಲಿ ಇಂತಹ ಭೇದಿಯನ್ನು ತರುವ ಬ್ಯಾಕ್ಟೀರಿಯಗಳಲ್ಲಿ ಈ. ಕೋಲೈ ಜಾತಿಯ ಒಂದು ವಿಷಕಾರಿ ಬಳಗವು ಮುಖ್ಯವಾದುದು. ನಮ್ಮೆಲ್ಲರ ಕರುಳಿನಲ್ಲಿಯೂ ಈ. ಕೋಲೈ ಉಂಟು, ಅದು ಸಾಧು. ಈ ಬಳಗವಾದರೋ ಕೂದಲಿನಂಥ ಎಳೆಗಳಿಂದ ಸಣ್ಣ ಕರುಳಿಗೆ ಅಂಟಿಕೊಂಡು ವಿಷವನ್ನು ಸುರಿಸುತ್ತದೆ. ಭೇದಿಯ ರೋಗಿಗಳಿಂದ ಪಡೆದ ಕೆಲವು ತಳಿಗಳು ಮೊಲದ ಕರುಳಿನಲ್ಲಿ ನೀರು ತುಂಬಿಸುವುದನ್ನು ಕಲ್ಕತ್ತೆಯ ಶಂಭುನಾಥ ಡೇ ಅವರು 1956ರಲ್ಲಿಯೇ ತೋರಿಸಿದ್ದರು.

ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾನಿಲಯದ ಸಂಶೋಧನೆಯಿಂದ ಹುಟ್ಟಿದ 'ಈಟಿವ್ಯಾಕ್ಸ್' ಲಸಿಕೆಯನ್ನು ಚುಚ್ಚುವುದಿಲ್ಲ, ಕುಡಿಸುತ್ತಾರೆ. ಎಳೆಗಳನ್ನು ಹೇರಳವಾಗಿ ಬೆಳೆಸಿ ಕೊಂದ ನಾಲ್ಕು ತಳಿಗಳೂ, ವಿಷವನ್ನು ಹೋಲುವ ನಿರಪಾಯಕರ ಪ್ರೋಟೀನೊಂದೂ ಅದರಲ್ಲಿವೆ. ಜಠರದ ಆಮ್ಲವನ್ನು ತಣಿಸಲು ಬೈಕಾರ್ಬೊನೇಟ್ ದ್ರಾವಣವನ್ನು ಬೆರೆಸುತ್ತಾರೆ. ರೋಗ ನೆಲೆಸುವುದು ಕರುಳಿನಲ್ಲಿ. ಕಾವಲೂ ಅಲ್ಲಿಯೇ ಇರಬೇಕಷ್ಟೆ.

ಆದರೆ ಆರೋಗ್ಯವಾಗಿರುವ ಕೂಸಿಗೆ ಮೊಟ್ಟಮೊದಲು ಎಷ್ಟು ಕುಡಿಸುವುದು? ಕಡಿಮೆಯಾದರೆ ವ್ಯರ್ಥ, ಹೆಚ್ಚಾದರೆ ಅಪಾಯ. 2015ರ ಡಿಸೆಂಬರಿನಲ್ಲಿ ಢಾಕಾ ನಗರದಲ್ಲಿ ಆರಂಭವಾದ ಪರೀಕ್ಷೆಯು ಮೆಟ್ಟಿಲಿಳಿಯುವಂತೆ ಸಾಗಿತು. ಮೊದಲು ವಯಸ್ಕರು, ಬಳಿಕ ಎರಡರಿಂದ ಐದು ವರ್ಷದೊಳಗಿನವರು, ಆಮೇಲೆ ವರ್ಷ ತುಂಬಿದವರು, ಕಟ್ಟಕಡೆಗೆ 6ರಿಂದ 11 ತಿಂಗಳ ಕೂಸುಗಳು. ಮೇಲಿನ ಮೆಟ್ಟಿಲು ಭದ್ರವೆಂದು ಕಂಡ ಮೇಲೆಯೇ ಕೆಳಗಿನದಕ್ಕೆ ಕಾಲಿಡುವುದು. ಕೂಸುಗಳಿಗೆ ಆರಂಭದ ಅಳತೆ ವಯಸ್ಕರ ಪ್ರಮಾಣದ ಎಂಟನೆಯ ಒಂದು ಪಾಲು. ಒಟ್ಟು 430 ಮಕ್ಕಳು ಇದರಲ್ಲಿ ಸೇರಿದ್ದರು. ಕೆಲವರಿಗೆ ಲಸಿಕೆಯಿಲ್ಲದ ಹುಸಿ ಮದ್ದು.

ಮುಖ್ಯವಾಗಿ ಕಂಡ ತೊಂದರೆ ವಾಂತಿ. ವಯಸ್ಸು ಕಿರಿದಾದಷ್ಟೂ, ಪ್ರಮಾಣ ಹಿರಿದಾದಷ್ಟೂ ಅದು ಹೆಚ್ಚಿತು. ದೊಡ್ಡ ಮಕ್ಕಳಲ್ಲಿ ಬಹುಮಂದಿಗೆ ಪ್ರತಿಕಾಯಗಳು ಚೆನ್ನಾಗಿ ಹುಟ್ಟಿದವು, ಕೂಸುಗಳಲ್ಲಿ ಮಂದ. ಕರುಳಿನ ಕಾವಲಿನ ಸುಳಿವನ್ನು ಮಲದಲ್ಲಿಯೂ ಹುಡುಕಬೇಕಾಯಿತು! ಲಸಿಕೆ ಕುಡಿದ 139 ಕೂಸುಗಳಲ್ಲಿ 78ಕ್ಕೆ, ಲಸಿಕೆಯ ಅಂಶಗಳಲ್ಲಿ ಕನಿಷ್ಠ ಮೂರಕ್ಕೆ ಎದುರಾದ ಪ್ರತಿಕಾಯಗಳು ದೊರೆತವು.

ಸಂತೋಷಪಡುವ ಮೊದಲು ಇನ್ನೊಂದು ಲೆಕ್ಕವನ್ನು ನೋಡೋಣ. ಹುಸಿ ಮದ್ದು ಕುಡಿದ 49 ಕೂಸುಗಳಲ್ಲಿಯೂ 14ಕ್ಕೆ ಅವು ಇದ್ದವು. ಪರೀಕ್ಷೆಯ ಅವಧಿಯಲ್ಲಿ ನಿಜವಾದ ಕ್ರಿಮಿಯೇ ಅವುಗಳ ಹೊಟ್ಟೆ ಸೇರಿರಬಹುದೆಂಬುದು ಸಹಜವಾದ ಊಹೆ. ಹೋಲಿಕೆಯ ಗುಂಪು ಇಲ್ಲದಿದ್ದರೆ ಆ ಪಾಲನ್ನೂ ಲಸಿಕೆಯ ಖಾತೆಗೇ ಬರೆಯುತ್ತಿದ್ದೆವು.

ಪ್ರತಿಕಾಯ ಹುಟ್ಟಿದ ಮಾತ್ರಕ್ಕೆ ಭೇದಿ ತಪ್ಪುವುದೆ? ಢಾಕಾದ ಪರೀಕ್ಷೆಯನ್ನು ಏರ್ಪಡಿಸಿದುದು ಆ ಪ್ರಶ್ನೆಗಾಗಿ ಅಲ್ಲ. ಅದಕ್ಕಾಗಿ ಮುಂದೆ ಪಶ್ಚಿಮ ಆಫ್ರಿಕದ ಗ್ಯಾಂಬಿಯಾದಲ್ಲಿ 6ರಿಂದ 18 ತಿಂಗಳ ಸಾವಿರಾರು ಮಕ್ಕಳನ್ನು ಸೇರಿಸಿ ಬೇರೊಂದು ಪರೀಕ್ಷೆ ನಡೆಸಿದರು. ಅಲ್ಲಿ ಕುಡಿಸಿದ ಅಳತೆ ವಯಸ್ಕರ ಪ್ರಮಾಣದ ಕಾಲು ಭಾಗ.