ಮಗ್ಗದ ಮನಿಗೆ ಒಳಗಿನಿಂದ ಒಂದು ಚಿಲಕ

ನಮ್ಮ ಕಡೆ ಮನೆಗಳ ತಲಬಾಗಿಲು ದೊಡ್ಡದು, ಆದರೆ ಹಗಲಲ್ಲಿ ಅದನ್ನು ಮುಚ್ಚುವವರಿಲ್ಲ. ಪಡಸಾಲಿ, ನಡುಮನಿ, ಅಡಗಿಮನಿ, ಹಿತ್ತಲ ಎಲ್ಲ ಕಡೆ ಎಲ್ಲರೂ ಓಡಾಡ್ತಾರೆ. ‘ಸ್ವಲ್ಪ ಹೊತ್ತು ಒಬ್ಬಾಕಿನ ಇರ್ತೀನಿ’ ಅಂದ್ರೆ, ‘ಯಾಕವಾ, ಮೈಯಾಗ ಆರಾಮಿಲ್ಲೇನು?’ ಅನ್ನೋ ಪ್ರಶ್ನೆ ಗ್ಯಾರಂಟಿ. ಬೆಂಗಳೂರಿನ ಪಿಜಿ ಬಿಟ್ಟು, ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದು ಕೆಲಸ ಮಾಡುವ ನನ್ನಂಥವರಿಗೆ ಇದು ದಿನದ ಸಂಕಟ. ಮನೆ ತುಂಬ ಪ್ರೀತಿ ಇದೆ, ಕೂರಲು ಮೂಲೆ ಇಲ್ಲ.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಹಿತ್ತಲಲ್ಲಿ 10 ಅಡಿ ಅಗಲ, 14 ಅಡಿ ಉದ್ದದ ಮಗ್ಗದ ಮನಿ ಇದೆ. ಅಜ್ಜ ತೀರಿಕೊಂಡ ಮೇಲೆ ಮಗ್ಗದ ಸಪ್ಪಳ ನಿಂತಿತು. ಆಮೇಲೆ ಅದು ಹಳೇ ಟ್ರಂಕು, ಜೋಳದ ಚೀಲ, ಮುರಿದ ಸೈಕಲ್ಲುಗಳ ಉಗ್ರಾಣವಾಯಿತು. ‘ಅದನ್ನ ನಾನು ನನ್ನ ಕೋಣಿ ಮಾಡ್ಕೋತೀನಿ’ ಅಂದೆ. ಕಾಕಾ ತಕ್ಷಣ ಅಂದರು: ‘ಕೆಡವಿಬಿಡೂಣು. ಶೀಟಿನ ಶೆಡ್ ಹೊಡಿಸಿದ್ರ ಹದಿನೈದು ದಿನದ ಕೆಲಸ.’

ಕೆಡವಬಾರದು ಯಾಕೆ?

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ತಗಡಿನ ಶೀಟಿನ ಕೆಳಗೆ ಮಧ್ಯಾಹ್ನ ಕೂತರೆ ರೊಟ್ಟಿ ಹಂಚಿನ ಮೇಲೆ ಕೂತಂಗ. ಹಳೆಯ ಮಗ್ಗದ ಮನಿಗೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಜಂತಿಯ ಮೇಲೆ ಮಣ್ಣಿನ ಮಾಳಿಗೆ. ಹೊರಗಿನ ಕಾವು ಒಳಗೆ ಬರುವಷ್ಟರಲ್ಲಿ ಸಂಜೆ ಆಗಿರುತ್ತದೆ.

ಹಾಗಾಗಿ ಕೆಡವಲಿಲ್ಲ, ದುರಸ್ತಿ ಮಾಡಿಸಿದೆವು. ಗೆದ್ದಲು ತಿಂದ ಜಂತಿಗಳನ್ನಷ್ಟೇ ಬದಲಿಸಿದೆವು. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಹೊಸದಾಗಿ ಕರಲು ಮಣ್ಣು ಹಾಕಿಸಿದೆವು. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಗೆ ಹೋಗಲಾರದೆ ಗೋಡೆ ಪದರು ಪದರಾಗಿ ಉದುರುತ್ತದೆ. ಅದಕ್ಕೇ ಸುಣ್ಣವನ್ನೇ ಹಚ್ಚಿಸಿದೆವು. ಬೆಳಕಿಂಡಿಗೆ ಗಾಜು ಕೂಡಿಸಿದೆವು. ವೈರಿಂಗ್ ಮಾತ್ರ ಪೂರ್ತಿ ಹೊಸದು: ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್. ಹಿತ್ತಲಿನ ಕೋಣೆಗೆ ಮನೆಯಿಂದ ಎಕ್ಸ್‌ಟೆನ್ಷನ್ ವೈರ್ ಎಳೆದು ಜೀವನ ನಡೆಸಬೇಡಿ, ಮಳೆಗಾಲದಲ್ಲಿ ಅದು ಅಪಾಯ.

ಕುಣಿ ಮುಚ್ಚೋದೋ, ಬಿಡೋದೋ?

ಇಳಕಲ್ ಸೀರೆ ನೇಯುವುದು ಹೆಚ್ಚಾಗಿ ಕುಣಿಮಗ್ಗದಲ್ಲಿ. ನೆಲದಲ್ಲಿ ಕುಣಿ ತೋಡಿರುತ್ತಾರೆ. ನೇಕಾರ ಅದರ ಅಂಚಿಗೆ ಕೂತು, ಕಾಲು ಕೆಳಗೆ ಇಳಿಬಿಟ್ಟು ಮಣೆ ತುಳಿಯುತ್ತ, ಕೈಯಲ್ಲಿ ಲಾಳಿ ಓಡಿಸುತ್ತಾನೆ. ಗೌಂಡಿ ಬಂದವನೇ, ‘ಗರಸು ಹಾಕಿ ಮುಚ್ಚಿ, ಮ್ಯಾಲೆ ಫರಸಿ ಕೂಡಿಸೂಣ್ರಿ’ ಅಂದ. ಅಲ್ಲೇ ಕೂತಿದ್ದ ಆಯಿ ಒಂದೇ ಮಾತು ಹೇಳಿದಳು: ‘ನಿಮ್ಮಜ್ಜನ ಕಾಲು ಐವತ್ತು ವರ್ಷ ಅದರಾಗ ಇದ್ವು.’

ಕುಣಿ ಉಳಿಯಿತು. ಅದೇ ಈಗ ನನ್ನ ಡೆಸ್ಕ್. ನಮ್ಮೂರ ಕೆಂಪು ಗ್ರಾನೈಟ್ ದೇಶ ವಿದೇಶಕ್ಕೆ ಹೋಗುತ್ತದೆ, ಅದರ ತುಂಡುಗಳು ಊರಲ್ಲೇ ಕಡಿಮೆ ಬೆಲೆಗೆ ಸಿಗುತ್ತವೆ. ಒಂದು ಉದ್ದನೆ ತುಂಡನ್ನು ಕುಣಿಯ ಮುಂದೆ ಮೇಜಿನಂತೆ ನಿಲ್ಲಿಸಿದ್ದೇವೆ. ನೆಲದ ಮೇಲೆ ಗಾದಿ, ಬೆನ್ನಿಗೆ ಹಲಗೆ, ಕಾಲು ತಂಪಾದ ಕುಣಿಯಲ್ಲಿ. ಕುರ್ಚಿಯ ಅವಶ್ಯಕತೆಯೇ ಬರಲಿಲ್ಲ. ಚೇಳಿನ ಭಯ ಇದ್ದೇ ಇದೆ. ಅದಕ್ಕೆ ಒಳಗೆ ಸಂದಿ ಇಲ್ಲದಂತೆ ಕಲ್ಲು ಕಟ್ಟಿಸಿ, ರಾತ್ರಿ ಮುಚ್ಚಲು ಕಟ್ಟಿಗೆಯ ಮುಚ್ಚಳ ಮಾಡಿಸಿದ್ದೇವೆ. ಕಾಲು ಇಳಿಸುವ ಮೊದಲು ಟಾರ್ಚ್ ಹಾಕಿ ನೋಡೋದು ಕಡ್ಡಾಯ. ಕಿಟಕಿಗೆ ಗುಳೇದಗುಡ್ಡದ ಖಣದ ಪರದೆ.

ಚಿಲಕದ ಪಂಚಾಯ್ತಿ

ಇಷ್ಟಕ್ಕೆಲ್ಲ ಯಾರೂ ತಕರಾರು ಮಾಡಲಿಲ್ಲ. ಜಗಳ ಬಂದಿದ್ದು ಚಿಲಕಕ್ಕೆ. ಮಗ್ಗದ ಮನಿಗೆ ಹೊರಗೆ ಕೊಂಡಿ ಇತ್ತು, ಒಳಗೆ ಏನೂ ಇರಲಿಲ್ಲ. ನೇಯುವವರಿಗೆ ಕಂಡಿಕಿ ಕೊಡುವವರು, ನೀರು ಕೊಡುವವರು ಬರ್ತಾ ಹೋಗ್ತಾ ಇರುವ ಜಾಗಕ್ಕೆ ಚಿಲಕ ಯಾಕೆ? ‘ಒಳಗಿಂದ ಚಿಲಕ ಹಾಕ್ಕೊಂಡು ಹೆಣ್ಣುಡುಗಿ ಏನ್ ಮಾಡ್ತಾಳ ಅಂತ ಮಂದಿ ಕೇಳೂದಿಲ್ಲೇನು?’ ಅಂದರು ಕಾಕಾ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಉತ್ತರ ಕೊಟ್ಟಿದ್ದು ಅವ್ವ. ಮದುವೆಯಾಗಿ ಬಂದ ದಿನದಿಂದ ಅವಳು ಆ ಕೋಣೆಯಲ್ಲಿ ಕಂಡಿಕಿ ಸುತ್ತಿದ್ದಾಳೆ. ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಎಳೆ ಎಳೆಯಾಗಿ ಜೋಡಿಸುವ ‘ಕೊಂಡಿ’ ಕೆಲಸವೇ ಇಳಕಲ್ ಸೀರೆಯ ಗುಟ್ಟು. ಆ ಕೆಲಸಕ್ಕೂ ಅವಳ ಕೈ ಇತ್ತು. ಅಂದಳು: ‘ಮೂವತ್ತು ವರ್ಷ ಆ ಮನ್ಯಾಗ ಕೂತೀನಿ. ಒಂದ್ ದಿನ ಸುಮ್ನ ಕೂತಿಲ್ಲ. ಆಕಿನರ ಕೂಡ್ಲಿ.’

ಮರುದಿನ ಬಡಿಗ್ಯಾ ಬಂದು ಚಿಲಕ ಬಡಿದ.

ವರ್ಜೀನಿಯಾ ವುಲ್ಫ್ 1929ರಲ್ಲೇ ವಾದಿಸಿದ್ದರು, ಬರೆಯಬೇಕೆನ್ನುವ ಹೆಣ್ಣಿಗೆ ಸ್ವಂತ ದುಡ್ಡು ಮತ್ತು ಸ್ವಂತ ಕೋಣೆ ಬೇಕು ಅಂತ. ಅವರೇ ಇಂಗ್ಲೆಂಡಿನ ರಾಡ್ಮೆಲ್ ಹಳ್ಳಿಯ ತಮ್ಮ ತೋಟದ ಶೆಡ್ಡಿನಲ್ಲಿ ಕೂತು ಬರೆಯುತ್ತಿದ್ದರು. ನನ್ನ ಮಾತು ಮನೆಯಲ್ಲಿ ನಡೆದದ್ದಕ್ಕೆ ತಿಂಗಳ ಸಂಬಳವೂ ಕಾರಣ, ಅದು ನನಗೆ ಗೊತ್ತು. ಅವ್ವನ ದುಡಿಮೆಗೆ ಸಂಬಳವೂ ಇರಲಿಲ್ಲ, ಚಿಲಕವೂ ಇರಲಿಲ್ಲ. ಅದಕ್ಕೇ ಈಗ ಮಧ್ಯಾಹ್ನ 2ರಿಂದ 4ರವರೆಗೆ ಕೋಣೆ ಅವಳದು. ಆ ಹೊತ್ತಿಗೆ ನಾನು ಮೀಟಿಂಗ್ ಇಟ್ಟುಕೊಳ್ಳುವುದಿಲ್ಲ. ಒಳಗೆ ಏನು ಮಾಡ್ತಾಳೆ ಅಂತ ಕೇಳುವುದೂ ಇಲ್ಲ.

ನಿಮ್ಮಲ್ಲಿ ಮಗ್ಗದ ಮನಿ ಇಲ್ಲದಿದ್ದರೆ?

ಹುನಗುಂದದ ಸುತ್ತಿನ ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ಎಷ್ಟೋ ದನದ ಮನೆಗಳು ಖಾಲಿ ಬಿದ್ದಿವೆ. ನೆಲ ಅಗೆದು ಹಳೇ ಮಣ್ಣು ತೆಗೆಸಿ, ಸುಣ್ಣ ಹಾಕಿ ಒಣಗಿಸಿ, ಆಮೇಲೆ ಫರಸಿ ಕೂಡಿಸಿ, ಇಲ್ಲದಿದ್ದರೆ ವಾಸನೆ ಹೋಗುವುದಿಲ್ಲ. ಗ್ವಾದಲಿ ಒಡೆಯಬೇಡಿ, ಮೇಲೆ ಹಲಗೆ ಹಾಕಿದರೆ ಒಳ್ಳೆಯ ಕಟ್ಟೆ.

ಬಾದಾಮಿಯವರಿಗೆ ಮನೆ ಸುತ್ತ ಕಲ್ಲಿಗೆ ಬರವಿಲ್ಲ, ಮಂಗ್ಯಾಗಳಿಗೂ ಬರವಿಲ್ಲ. ಕಿಟಕಿಗೆ ಗಟ್ಟಿ ಜಾಳಿಗೆ ಹಾಕಿಸಿ, ಹಂಚು ಬೇಡ.

ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಬಿಟ್ಟು ಬಾಗಲಕೋಟೆಯ ನವನಗರಕ್ಕೆ ಬಂದವರ ಪ್ಲಾಟುಗಳಲ್ಲಿ ಹಿತ್ತಲೇ ಇಲ್ಲ ಅನ್ನೋರು ಬಹಳ. ಅಂಥವರು ಮೆಟ್ಟಿಲ ಮೇಲಿನ ಕೋಣೆಯನ್ನೇ ನೋಡಿ. ಸ್ಲ್ಯಾಬಿಗೆ ಬಿಳಿ ಸುಣ್ಣ ಬಳಿದರೂ ಒಳಗಿನ ಕಾವು ಎಷ್ಟೋ ಇಳಿಯುತ್ತದೆ.

ಜಾಗ 6 ಅಡಿ ಇದ್ದರೂ ನಡೆದೀತು. ಬಣ್ಣ, ಲೈಟು, ಬುಕ್ ಶೆಲ್ಫು ಎಲ್ಲ ನಿಧಾನಕ್ಕೆ ಬರಲಿ. ಮೊದಲು ಒಳಗಿನ ಚಿಲಕ ಹಾಕಿಸಿ. ಅದನ್ನು ಹಾಕಿಕೊಳ್ಳುವ ಸರದಿ ಮನೆಯಲ್ಲಿ ಇನ್ನೂ ಯಾರಿಗೆ ಸಿಕ್ಕಿಲ್ಲ, ಅದನ್ನೂ ಅವತ್ತೇ ಕೇಳಿ.