ಹೃದಯದ ಕಸಿಯೂ ಅನಂತರದ ಬಾಳೂ

ಮಾವಿನ ಗಿಡಕ್ಕೆ ಕಸಿ ಕಟ್ಟುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಧಾರವಾಡದ ಕಡೆ ಆಪೂಸಿನ ಸಸಿಗಳು ಸಿದ್ಧವಾಗುವುದು ಹೀಗೆಯೇ. ಕಟ್ಟಿದ ಕಡ್ಡಿಯು ಗಿಡದೊಡನೆ ಒಮ್ಮೆ ಬೆಸೆದುಕೊಂಡಿತೆಂದರೆ ಗಿಡವು ಅದನ್ನು ತನ್ನದೆಂದೇ ಸಾಕುತ್ತದೆ. ಒಬ್ಬರ ಹೃದಯವನ್ನು ಇನ್ನೊಬ್ಬರ ಎದೆಯಲ್ಲಿ ಜೋಡಿಸುವುದಕ್ಕೂ ನಾವು ಕಸಿಯೆಂದೇ ಹೇಳುತ್ತೇವೆ. ಆದರೆ ಮನುಷ್ಯನ ದೇಹವು ಅಷ್ಟು ಉದಾರವಲ್ಲ. ಬಂದ ಹೃದಯವನ್ನು ಅದು ವರ್ಷಗಳು ಕಳೆದರೂ ಪರಕೀಯವೆಂದೇ ಎಣಿಸುತ್ತದೆ.

1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಡಾ. ಕ್ರಿಸ್ಟಿಯಾನ್ ಬರ್ನಾರ್ಡರು ಮೊದಲ ಬಾರಿಗೆ ಮನುಷ್ಯನ ಹೃದಯವನ್ನು ಮನುಷ್ಯನಿಗೆ ಜೋಡಿಸಿದರು. ರೋಗಿಯು ಬದುಕಿದ್ದುದು 18 ದಿನ. 1968ರ ಫೆಬ್ರುವರಿಯಲ್ಲಿ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇನರು ಯತ್ನಿಸಿದರು, ಆ ರೋಗಿಯು ಕೆಲವು ಗಂಟೆಗಳಾಚೆ ಉಳಿಯಲಿಲ್ಲ. ನಮ್ಮ ದೇಶದಲ್ಲಿ ಈ ಚಿಕಿತ್ಸೆ ಕೈಗೂಡಿದುದು 1994ರ ಆಗಸ್ಟ್ 3ರಂದು, ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ, ಡಾ. ಪಿ. ವೇಣುಗೋಪಾಲರಿಂದ. ನಮ್ಮ ಪುಣೆಗೂ ಇದು ಹೊಸತಲ್ಲ. 2023ರ ಜುಲೈಯಲ್ಲಿ ನಾಗಪುರದಿಂದ ವಾಯುಪಡೆಯ ವಿಮಾನದಲ್ಲಿ ಬಂದ ಹೃದಯವನ್ನು ಇಲ್ಲಿಯ ಸೈನ್ಯದ ಹೃದ್ರೋಗ ಸಂಸ್ಥೆಯಲ್ಲಿ ಯೋಧರೊಬ್ಬರಿಗೆ ಜೋಡಿಸಿದರು. ತೆಗೆದ ಹೃದಯವನ್ನು ಸಾಮಾನ್ಯವಾಗಿ ನಾಲ್ಕು ಗಂಟೆಗಳೊಳಗೆ ಜೋಡಿಸಬೇಕು. ಪೊಲೀಸರು ಆಗಾಗ ರಸ್ತೆಗಳನ್ನು ತೆರವು ಮಾಡಿಸುವುದು ಇದಕ್ಕಾಗಿಯೇ.

ದಾನಿಯು ದೊರೆಯುವವರೆಗೆ ಕಾಯಲಾರದವರಿಗೆ ಯಂತ್ರದ ಆಸರೆಯುಂಟು. ಅದೊಂದು ಸಣ್ಣ ಪಂಪು. ಬೆಳೆದವರಿಗೆ ಅದನ್ನು ಎದೆಯೊಳಗೇ ಹೃದಯಕ್ಕೆ ಜೋಡಿಸುತ್ತಾರೆ. ಶಿಶುಗಳಿಗಾದರೆ ಪಂಪು ದೇಹದ ಹೊರಗಿರುತ್ತದೆ. ಒಳಗಿನ ಪಂಪಿನ ತಂತಿಯು ಹೊಟ್ಟೆಯ ಚರ್ಮವನ್ನು ದಾಟಿ ಬಂದು ಬ್ಯಾಟರಿಯನ್ನು ಸೇರುತ್ತದೆ. ರಕ್ತವನ್ನು ಎಡೆಬಿಡದೆ ತಳ್ಳುವುದರಿಂದ ಅನೇಕರ ಮಣಿಕಟ್ಟಿನಲ್ಲಿ ನಾಡಿಯೇ ಸಿಗದು! ಇಂಥವರು ಈಜುವಂತಿಲ್ಲ, ತಂತಿ ಹೊರಬರುವ ಜಾಗವನ್ನು ನಂಜಾಗದಂತೆ ನಿತ್ಯವೂ ಕಾಯಬೇಕು.

ಕಸಿಯಾದ ಬಳಿಕ, ದೇಹವು ಹೊಸ ಹೃದಯದ ಮೇಲೆರಗದಂತೆ ತಡೆಯಲು ಔಷಧಿಗಳಿವೆ. ಅವುಗಳಲ್ಲಿ ಒಂದು ನಾರ್ವೆಯ ಮಣ್ಣಿನ ಬೂಷ್ಟಿನಿಂದ, ಇನ್ನೊಂದು ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತವು. ಇವುಗಳನ್ನು ಸಾಮಾನ್ಯವಾಗಿ ಹನ್ನೆರಡು ಗಂಟೆಗಳಿಗೊಮ್ಮೆ, ಬಾಳಿನುದ್ದಕ್ಕೂ ಸೇವಿಸಬೇಕು. ಇವು ದೇಹದ ಕಾವಲನ್ನೇ ಸಡಿಲಿಸುವುದರಿಂದ ಅಂಟುರೋಗಗಳ ಭಯ ಹೆಚ್ಚು. ಚಕ್ಕೋತದ ಹಣ್ಣು ಕೂಡ ನಿಷಿದ್ಧ. ಅದು ರಕ್ತದಲ್ಲಿ ಔಷಧಿಯ ಪ್ರಮಾಣವನ್ನು ಮಿತಿಮೀರಿ ಏರಿಸಬಲ್ಲುದು.

ಇನ್ನೊಂದು ವಿಶೇಷವಿದೆ. ಕಸಿ ಮಾಡುವಾಗ ಹೃದಯದ ನರಗಳು ಕತ್ತರಿಸಿಹೋಗುತ್ತವೆ. ಆದುದರಿಂದ ಓಡತೊಡಗಿದೊಡನೆ ಆ ಹೃದಯವು ವೇಗಗೊಳ್ಳದು. ಓಟ ನಿಂತರೂ ಬೇಗನೆ ಶಾಂತವಾಗದು. ಮೆಲ್ಲನೆ ಆರಂಭಿಸಿ ಮೆಲ್ಲನೆ ನಿಲ್ಲಿಸುವುದನ್ನು ಕಲಿತರೆ ಆಟಕ್ಕೆ ಅಡ್ಡಿಯಿಲ್ಲ. ಕಸಿಯಾದವರಿಗಾಗಿಯೇ ವಿಶ್ವಮಟ್ಟದ ಕ್ರೀಡಾಕೂಟವು 1978ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ತಿನಲ್ಲಿ ಆರಂಭವಾಯಿತು. ನೆದರ್ಲೆಂಡ್ಸಿನ ಬರ್ಟ್ ಯಾನ್ಸೆನ್ನರು 1984ರಲ್ಲಿ, ತಮ್ಮ 17ನೆಯ ವಯಸ್ಸಿನಲ್ಲಿ, ಹೊಸ ಹೃದಯವನ್ನು ಪಡೆದು 39 ವರ್ಷಗಳಿಗೂ ಮೀರಿ ಬಾಳಿ ಗಿನ್ನೆಸ್ ದಾಖಲೆಯನ್ನು ಸೇರಿದರು.

ಎಲ್ಲರಿಗೂ ಅಷ್ಟು ದೀರ್ಘಾವಧಿ ದೊರೆಯದು. ಅದರಲ್ಲಿಯೂ ಅಪಾಯದ ಕಾಲವೆಂದರೆ ನಿಮ್ಮ ವಯಸ್ಸೇ. ಎಳವೆಯಲ್ಲಿ ತಾಯಿಯು ಮಾತ್ರೆ ಕೊಡುತ್ತಿದ್ದಳು. ಹದಿಹರೆಯದಲ್ಲಿ ತಾನೇ ನೆನಪಿಟ್ಟು ನುಂಗಬೇಕು. ಔಷಧಿಯಿಂದ ಮುಖ ಊದಿಕೊಂಡಾಗ ನಾಲ್ವರ ಮುಂದೆ ನಾಚಿಕೆ. ಇನ್ನೊಬ್ಬರ ಮರಣದಿಂದ ತಾನು ಬದುಕಿದೆನೆಂಬ ಭಾರ ಒಳಗೊಳಗೆ. ಮೈಗೆ ಹಾಯಾಗಿರುವುದರಿಂದ, ಒಂದು ದಿನ ಬಿಟ್ಟರೇನೆಂಬ ಯೋಚನೆ. ಹೀಗೆ ಮಾತ್ರೆ ತಪ್ಪಿಸಿ, ಚೆನ್ನಾಗಿ ನಡೆಯುತ್ತಿದ್ದ ಹೃದಯವನ್ನು ಕಳೆದುಕೊಂಡ ತರುಣರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಶಸ್ತ್ರವೈದ್ಯರ ಶ್ರಮವೂ ದಾನಿಯ ಮನೆಯವರ ತ್ಯಾಗವೂ ಒಂದು ಮಾತ್ರೆಯ ಮೇಲೆ ನಿಂತಿವೆ.

ವಿದ್ಯಾರ್ಥಿಗಳೇ, ಇಲ್ಲಿ ವೈದ್ಯರಿಂದಾಗದ ಕೆಲಸವೊಂದು ಸಹಪಾಠಿಗಳಿಂದ ಆಗಬಲ್ಲುದು. ನಿಮ್ಮ ತರಗತಿಗೆ ಅಂಥವನೊಬ್ಬನು ಬಂದರೆ ಕನಿಕರದಿಂದ ದೂರ ಕೂಡಿಸಬೇಡಿರಿ. ಅವನ ಊದಿದ ಮುಖವನ್ನು ಕಂಡು ಅಡ್ಡಹೆಸರಿಡಬೇಡಿರಿ. ನಿಮಗೆ ನೆಗಡಿ, ಜ್ವರ ಬಂದಿದ್ದರೆ ಅವನ ಸಮೀಪಕ್ಕೆ ಹೋಗಬೇಡಿರಿ. ಆಟಕ್ಕೆ ಕರೆಯಿರಿ, ಆದರೆ ಅವನ ಹೃದಯವು ಸಿದ್ಧವಾಗುವವರೆಗೆ ತುಸು ಕಾಯಿರಿ. ಮಾತ್ರೆಯ ವೇಳೆಯಾದಾಗ ಅವನು ನಿಮ್ಮೆದುರಿನಲ್ಲಿಯೇ ನಾಚದೆ ಅದನ್ನು ನುಂಗುವಂತಿದ್ದರೆ, ನೀವು ಅವನ ಆಯುಷ್ಯಕ್ಕೆ ನೆರವಾದಂತೆಯೇ ಸರಿ.