ಟ್ರೋಲಿಂಗ್ ಮೋಟಾರು

ಟ್ರೋಲಿಂಗ್ ಮೋಟಾರು ಎಂಬುದು ಸಣ್ಣ ದೋಣಿಗಳನ್ನು ನಿಧಾನವಾಗಿ ಮತ್ತು ಹೆಚ್ಚು ಸದ್ದಿಲ್ಲದೆ ನಡೆಸಲು ಬಳಸುವ, ಬ್ಯಾಟರಿಯಿಂದ ಓಡುವ ವಿದ್ಯುತ್ ಮೋಟಾರು. ಉದ್ದನೆಯ ಕೊಳವೆಯೊಂದರ ಕೆಳತುದಿಯಲ್ಲಿ, ನೀರಿನಲ್ಲಿ ಮುಳುಗಿರುವಂತೆ ಮೋಟಾರು ಮತ್ತು ಪ್ರೊಪೆಲರ್ ಇರುತ್ತವೆ. ಮೇಲ್ತುದಿಯಲ್ಲಿ ದಿಕ್ಕು ತಿರುಗಿಸುವ ಹಿಡಿ ಮತ್ತು ವೇಗದ ಗುಂಡಿ ಇರುತ್ತವೆ. ದೋಣಿಯ ಅಂಚಿಗೆ ಇದನ್ನು ಹಿಡಿಕೆಯಿಂದ ಬಿಗಿಯಲಾಗುತ್ತದೆ. ಯಂತ್ರ ಸರಳವಾದುದು. ತೊಂದರೆಗಳು ಬಹುಪಾಲು ಬ್ಯಾಟರಿಯ ಆಯ್ಕೆಯಲ್ಲಿ ಮತ್ತು ತಂತಿಯ ಜೋಡಣೆಯಲ್ಲಿ ಹುಟ್ಟುತ್ತವೆ. ಈ ಲೇಖನವು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಜಲಾಶಯ ಹಾಗೂ ಕೆರೆಗಳನ್ನು ಗಮನದಲ್ಲಿಟ್ಟುಕೊಂಡು ಈ ಜೋಡಣೆಯನ್ನು ವಿವರಿಸುತ್ತದೆ.

ಹಿನ್ನೆಲೆ

ಚಲಿಸುತ್ತಿರುವ ದೋಣಿಯ ಹಿಂದೆ ಗಾಳದ ದಾರವನ್ನು ನಿಧಾನವಾಗಿ ಎಳೆಯುತ್ತ ಮೀನು ಹಿಡಿಯುವ ವಿಧಾನಕ್ಕೆ ಟ್ರೋಲಿಂಗ್ ಎಂದು ಹೆಸರು. ವಿದ್ಯುತ್ತಿನಿಂದ ದೋಣಿ ನಡೆಸುವ ಪ್ರಯತ್ನ ಇದಕ್ಕಿಂತ ಬಹಳ ಹಳೆಯದು. 1830ರ ದಶಕದ ಕೊನೆಯಲ್ಲಿ ಮೊರಿಟ್ಜ್ ಯಾಕೋಬಿ ರಷ್ಯಾದ ನೇವಾ ನದಿಯಲ್ಲಿಯೂ, 1881ರಲ್ಲಿ ಗುಸ್ತಾವ್ ಟ್ರೂವೆ ಪ್ಯಾರಿಸಿನ ಸೇನ್ ನದಿಯಲ್ಲಿಯೂ ವಿದ್ಯುತ್ ದೋಣಿ ನಡೆಸಿದ್ದರು. ಇಂದಿನ ರೂಪದ ಮೀನುಗಾರಿಕೆಯ ಮೋಟಾರನ್ನು 1934ರಲ್ಲಿ ಅಮೆರಿಕದ ಉತ್ತರ ಡಕೋಟಾ ರಾಜ್ಯದ ಫಾರ್ಗೋ ನಗರದಲ್ಲಿ ಓ. ಜಿ. ಶ್ಮಿಟ್ ಎಂಬುವರು ಫೋರ್ಡ್ ಕಾರಿನ ಸ್ಟಾರ್ಟರ್ ಮೋಟಾರಿನಿಂದ ತಯಾರಿಸಿದರು. ಭಾರತದಲ್ಲಿ ಕೇರಳದ ವೈಕಂನಲ್ಲಿ 2017ರಿಂದ ಸಂಚರಿಸುತ್ತಿರುವ ‘ಆದಿತ್ಯ’ ಎಂಬ ಸೌರ ದೋಣಿಯು ಪ್ರಯಾಣಿಕರ ಸಾಗಣೆಯಲ್ಲಿ ಬ್ಯಾಟರಿ ಬಳಕೆಗೆ ಪ್ರಸಿದ್ಧ ಉದಾಹರಣೆ.

ಸ್ಥಳೀಯ ಜಲಾಶಯಗಳು ಮತ್ತು ತೆಪ್ಪ

ಈ ಭಾಗದ ಒಳನಾಡು ಮೀನುಗಾರರ ವಾಹನ ತೆಪ್ಪ ಅಥವಾ ಹರಿಗೋಲು. ಬಿದಿರಿನ ದಬ್ಬೆಗಳಿಂದ ಹೆಣೆದ ದುಂಡನೆಯ ಬುಟ್ಟಿಗೆ ಹಿಂದೆ ಚರ್ಮವನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುವುದು ರೂಢಿ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಂತಹ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ.

ಕೃಷ್ಣರಾಜಸಾಗರದ ಪೂರ್ಣ ಮಟ್ಟ 124.80 ಅಡಿ. ಜಲಾಶಯ ತುಂಬಿದಾಗ ಅದರ ಹಿನ್ನೀರು ಕೃಷ್ಣರಾಜಪೇಟೆ ತಾಲ್ಲೂಕಿನವರೆಗೆ ಚಾಚುತ್ತದೆ. ಅಲ್ಲಿಯ ಅಂಬಿಗರಹಳ್ಳಿಯ ಬಳಿ ಕಾವೇರಿ, ಹೇಮಾವತಿ ಮತ್ತು ಲಕ್ಷ್ಮಣತೀರ್ಥ ನದಿಗಳು ಕೂಡುತ್ತವೆ. ವಿಶಾಲವಾದ ಹಿನ್ನೀರಿನಲ್ಲಿ ಮುಂಗಾರಿನ ಗಾಳಿಗೆ ತಡೆಯೇ ಇಲ್ಲ. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆ ಗುಡ್ಡಗಳ ನಡುವೆ ಇರುವ ಆಳವಾದ ಕೆರೆ. ನಾಗಮಂಗಲದ ಕೆರೆಗಳ ಸ್ಥಿತಿ ಬೇರೆ. ಮಳೆಯನ್ನು ನೆಚ್ಚಿದ ಆ ಕೆರೆಗಳು ಬೇಸಿಗೆಯಲ್ಲಿ ತಗ್ಗಿ, ಕೆಸರು ಮತ್ತು ಜೊಂಡು ಪ್ರೊಪೆಲರಿಗೆ ಸಿಕ್ಕುತ್ತವೆ. ಅಂತಹ ಕಡೆ ಗಳು ಮತ್ತು ಹುಟ್ಟಿಗಿಂತ ಉತ್ತಮ ಸಾಧನವಿಲ್ಲ. ಮೋಟಾರು ಪ್ರಯೋಜನಕ್ಕೆ ಬರುವುದು ಮುಖ್ಯವಾಗಿ ಹಿನ್ನೀರಿನಲ್ಲಿ, ದೂರದ ಬಲೆಯವರೆಗೆ ಹೋಗಿ ಬರುವಾಗ.

ಪ್ರವಾಹದ ಪ್ರಮಾಣ

ಮೋಟಾರಿನ ಸಾಮರ್ಥ್ಯವನ್ನು ತಯಾರಕರು ಅಶ್ವಶಕ್ತಿಯಲ್ಲಿ ಹೇಳುವುದಿಲ್ಲ, ನೂಕುಬಲದ ಪೌಂಡುಗಳಲ್ಲಿ ಹೇಳುತ್ತಾರೆ. ದೋಣಿ, ಜನ, ಬಲೆ, ಬ್ಯಾಟರಿ ಎಲ್ಲ ಸೇರಿ ಪ್ರತಿ 45 ಕಿಲೋಗ್ರಾಂ ತೂಕಕ್ಕೆ 2 ಪೌಂಡು ನೂಕುಬಲ ಬೇಕೆಂಬುದು ಸಾಮಾನ್ಯ ಅಂದಾಜು. ಒಟ್ಟು 300 ಕಿಲೋಗ್ರಾಂ ತೂಗುವ ದೋಣಿಗೆ ಈ ಲೆಕ್ಕದಲ್ಲಿ ಸುಮಾರು 14 ಪೌಂಡು ಸಾಕು. ಗಾಳಿಯನ್ನು ಎದುರಿಸಬೇಕಾದುದರಿಂದ ಅದರ ಎರಡರಷ್ಟು, ಅಂದರೆ 30 ಪೌಂಡಿನ ಮೋಟಾರನ್ನು ಆರಿಸುವುದು ವಿವೇಕ.

12 ವೋಲ್ಟ್ ಮೋಟಾರೊಂದು ಪೂರ್ಣ ವೇಗದಲ್ಲಿ 40 ಆಂಪಿಯರ್ ಪ್ರವಾಹವನ್ನು ಎಳೆದರೆ ಅದರ ಶಕ್ತಿ 480 ವ್ಯಾಟ್, ಅಂದರೆ ಅಶ್ವಶಕ್ತಿಯ ಮೂರನೆಯ ಎರಡು ಭಾಗಕ್ಕೂ ಸ್ವಲ್ಪ ಕಡಿಮೆ. ಗದ್ದೆಯ 5 ಎಚ್.ಪಿ. ಪಂಪ್‌ಸೆಟ್ಟಿನ ಮುಂದೆ ಇದು ಅತ್ಯಲ್ಪ. ಆದರೆ ಮನೆಯ 230 ವೋಲ್ಟಿನಲ್ಲಿ ಅದೇ 480 ವ್ಯಾಟಿಗೆ ಹರಿಯುವ ಪ್ರವಾಹ ಸುಮಾರು 2 ಆಂಪಿಯರ್ ಮಾತ್ರ. ದೋಣಿಯಲ್ಲಿ ಅದು ಸುಮಾರು ಇಪ್ಪತ್ತು ಪಟ್ಟು ಹೆಚ್ಚು. ಮನೆಯ ವೈರಿಂಗ್ ಬಲ್ಲವರೂ ದೋಣಿಯಲ್ಲಿ ತಪ್ಪುವುದು ಇಲ್ಲಿಯೇ: 12 ವೋಲ್ಟ್ ಎಂದರೆ ನಿರಪಾಯ, ಯಾವ ತಂತಿಯಾದರೂ ಸಾಕು ಎಂಬ ಭಾವನೆ. ಕೈಗೆ ಷಾಕ್ ಹೊಡೆಯದಿದ್ದರೂ ತಂತಿಯನ್ನು ಕರಗಿಸಿ ಬೆಂಕಿ ಹಚ್ಚುವ ಶಕ್ತಿ ಆ ಬ್ಯಾಟರಿಗೆ ಇದೆ.

ತಂತಿಯ ದಪ್ಪ

ಬ್ಯಾಟರಿಯಿಂದ ಮೋಟಾರಿಗೆ 4 ಮೀಟರ್ ದೂರವಿದೆ ಎನ್ನೋಣ. ಪ್ರವಾಹ ಹೋಗಿ ಮರಳಬೇಕಾದುದರಿಂದ ತಂತಿಯ ಉದ್ದ 8 ಮೀಟರ್. ಮನೆಯ ಪ್ಲಗ್ಗುಗಳಿಗೆ ಬಳಸುವ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು ಹಾಕಿದರೆ, 40 ಆಂಪಿಯರಿಗೆ ಸುಮಾರು 2.5 ವೋಲ್ಟ್ ತಂತಿಯಲ್ಲಿಯೇ ನಷ್ಟವಾಗುತ್ತದೆ. ಮೋಟಾರಿಗೆ ತಲುಪುವುದು ಒಂಬತ್ತೂವರೆ ವೋಲ್ಟ್. ಉಳಿದ ನೂರು ವ್ಯಾಟಿನಷ್ಟು ಶಕ್ತಿ ತಂತಿಯನ್ನು ಕಾಯಿಸುತ್ತದೆ. ಅದೇ ದೂರಕ್ಕೆ 10 ಚದರ ಮಿಲಿಮೀಟರ್ ತಂತಿಯಲ್ಲಿ ನಷ್ಟ 0.6 ವೋಲ್ಟ್, 16 ಚದರ ಮಿಲಿಮೀಟರ್ ತಂತಿಯಲ್ಲಿ 0.4 ವೋಲ್ಟಿಗೂ ಕಡಿಮೆ. ನಷ್ಟವು ನೂರಕ್ಕೆ ಮೂರರಿಂದ ಐದರ ಒಳಗೆ ಇರುವಂತೆ ನೋಡಿಕೊಳ್ಳುವುದು ಒಳ್ಳೆಯದು.

ಅಲುಗಾಡುವ ದೋಣಿಯಲ್ಲಿ ಒಂಟಿ ಗಟ್ಟಿ ತಂತಿ ಮುರಿಯುತ್ತದೆ. ಅನೇಕ ಎಳೆಗಳ ಬಳುಕುವ ಕೇಬಲ್ ಬೇಕು. ತವರದ ಲೇಪವಿರುವ ತಾಮ್ರವಾದರೆ ತೇವಕ್ಕೆ ಹೆಚ್ಚು ಬಾಳಿಕೆ ಬರುತ್ತದೆ. ತುದಿಗಳಿಗೆ ಸರಿಯಾದ ಅಳತೆಯ ತಾಮ್ರದ ಲಗ್ ಕೂರಿಸಿ ಕ್ರಿಂಪ್ ಮಾಡಿಸಬೇಕು. ತಂತಿಯನ್ನು ತಿರುಚಿ ಟೇಪು ಸುತ್ತಿದ ಜಾಗವೇ ಮೊದಲು ಬಿಸಿಯಾಗುವುದು. ಎರಡು ಗಂಟೆ ಓಡಿಸಿದ ಮೇಲೆ ಪ್ರತಿ ಜೋಡಣೆಯನ್ನು ಕೈಯಿಂದ ಮುಟ್ಟಿ ನೋಡುವುದು ಸುಲಭವಾದ ಪರೀಕ್ಷೆ. ಬಿಸಿ ಇದ್ದರೆ ಅಲ್ಲಿ ಸಡಿಲವಿದೆ ಎಂದರ್ಥ.

ಫ್ಯೂಸ್ ಮತ್ತು ಸ್ವಿಚ್

ಫ್ಯೂಸನ್ನು ಬ್ಯಾಟರಿಯ ಧನ ತುದಿಗೆ ಆದಷ್ಟು ಹತ್ತಿರ, ಒಂದು ಗೇಣಿನ ಒಳಗೆ ಕೂರಿಸಬೇಕು. ಫ್ಯೂಸ್ ಕಾಪಾಡುವುದು ಮುಖ್ಯವಾಗಿ ತಂತಿಯನ್ನು. ಬ್ಯಾಟರಿಗೂ ಫ್ಯೂಸಿಗೂ ನಡುವೆ ಇರುವ ತಂತಿಗೆ ಯಾವ ರಕ್ಷಣೆಯೂ ಇರುವುದಿಲ್ಲವಾದ್ದರಿಂದ ಆ ಭಾಗ ಗಿಡ್ಡವಾಗಿರಬೇಕು. 40ರಿಂದ 50 ಆಂಪಿಯರ್ ಎಳೆಯುವ ಮೋಟಾರಿಗೆ ಸಾಮಾನ್ಯವಾಗಿ 60 ಆಂಪಿಯರ್ ಫ್ಯೂಸ್ ಅಥವಾ ಬ್ರೇಕರ್ ಹಾಕಲಾಗುತ್ತದೆ, ತಂತಿಯೂ ಅಷ್ಟನ್ನು ತಡೆಯುವಂತಿರಬೇಕು. ಮನೆಯ ಮೀಟರ್ ಪೆಟ್ಟಿಗೆಯ ಎಂ.ಸಿ.ಬಿ. ಇಲ್ಲಿಗೆ ತಕ್ಕುದಲ್ಲ. ಅದು ಪರ್ಯಾಯ ಪ್ರವಾಹಕ್ಕೆ ತಯಾರಾದುದು. ನೇರ ಪ್ರವಾಹದ ಕಿಡಿಯನ್ನು ಆರಿಸುವುದು ಕಷ್ಟವಾದುದರಿಂದ ಡಿ.ಸಿ. ಎಂದು ನಮೂದಿಸಿದ ಬ್ರೇಕರನ್ನೇ ಕೊಳ್ಳಬೇಕು.

ಜೋಡಿಸುವಾಗ ಮೋಟಾರಿನ ಗುಂಡಿ ಸೊನ್ನೆಯಲ್ಲಿರಬೇಕು. ಮೊದಲು ಧನ ತುದಿಯನ್ನು, ಕೊನೆಗೆ ಋಣ ತುದಿಯನ್ನು ಬಿಗಿಯಬೇಕು. ಕಳಚುವಾಗ ಇದರ ವಿರುದ್ಧ ಕ್ರಮ. ತುದಿಗಳು ಅದಲುಬದಲಾದರೆ ಹಳೆಯ ಬಗೆಯ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ ಅಷ್ಟೆ, ಎಲೆಕ್ಟ್ರಾನಿಕ್ ನಿಯಂತ್ರಕವಿರುವ ಮೋಟಾರು ಕೆಡಬಹುದು. ಉಂಗುರ ಮತ್ತು ಲೋಹದ ವಾಚನ್ನು ತೆಗೆದಿಟ್ಟು ಕೆಲಸ ಮಾಡಬೇಕು. ಎರಡು ತುದಿಗಳ ಮೇಲೆ ಅಡ್ಡ ಬಿದ್ದ ಸ್ಪ್ಯಾನರ್ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ.

ಬ್ಯಾಟರಿಯ ಆಯ್ಕೆ

ಕಾರು ಅಥವಾ ಟ್ರ್ಯಾಕ್ಟರಿನ ಬ್ಯಾಟರಿ ಕೆಲವು ಕ್ಷಣ ಭಾರಿ ಪ್ರವಾಹ ಕೊಟ್ಟು ಇಂಜಿನನ್ನು ಚಾಲೂ ಮಾಡಲು ರೂಪಿಸಿದ್ದು. ಅದರ ತೆಳುವಾದ ಫಲಕಗಳು ಪದೇ ಪದೇ ಖಾಲಿಯಾಗುವುದನ್ನು ತಾಳುವುದಿಲ್ಲ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಆಳವಾಗಿ ಖಾಲಿಯಾಗುವುದನ್ನು ತಾಳುತ್ತದೆ. ಆದರೆ 150 ಆಂಪಿಯರ್-ಗಂಟೆಯದು 50 ಕಿಲೋಗ್ರಾಮಿಗೂ ಹೆಚ್ಚು ತೂಗುತ್ತದೆ. ತೆಪ್ಪಕ್ಕೆ ಅದು ಇನ್ನೊಬ್ಬ ಆಳು ಹತ್ತಿದಂತೆಯೇ, ಜೊತೆಗೆ ಓಲಾಡಿದಾಗ ಆಮ್ಲ ಚೆಲ್ಲುವ ಭಯ. ಆದುದರಿಂದ ಸೀಸದ ಬ್ಯಾಟರಿಯೇ ಬೇಕೆಂದರೆ ಮೊಹರು ಮಾಡಿದ, ಆಳವಾಗಿ ಖಾಲಿ ಮಾಡಬಹುದಾದ ಬಗೆ ಉತ್ತಮ.

100 ಆಂಪಿಯರ್-ಗಂಟೆ ಎಂಬ ಬರೆಹವನ್ನು ಎಚ್ಚರಿಕೆಯಿಂದ ಓದಬೇಕು. ಸಾಮಾನ್ಯವಾಗಿ ಅದು 5 ಆಂಪಿಯರಿನಂತೆ 20 ಗಂಟೆ ಎಂಬ ಲೆಕ್ಕ. 40 ಆಂಪಿಯರಿನಂತೆ ಎಳೆದರೆ ಸೀಸದ ಬ್ಯಾಟರಿ ಎರಡೂವರೆ ಗಂಟೆ ಬರುವುದಿಲ್ಲ, ಎರಡು ಗಂಟೆಗೂ ಮೊದಲೇ ಸೋಲುತ್ತದೆ. ಈ ಗುಣವನ್ನು 1897ರಲ್ಲಿ ವಿಲ್ಹೆಲ್ಮ್ ಪ್ಯೂಕೆರ್ಟ್ ಸೂತ್ರರೂಪದಲ್ಲಿ ತಿಳಿಸಿದನು. ಬಾಳಿಕೆಗಾಗಿ ಅರ್ಧದಷ್ಟನ್ನು ಮಾತ್ರ ಬಳಸುವುದು ಕ್ರಮ. ಆಗ ದೊರೆಯುವ ಶಕ್ತಿ ಮನೆಯ ಮೀಟರಿನ ಸುಮಾರು ಅರ್ಧ ಯೂನಿಟ್ ಮಾತ್ರ. ಪೂರ್ಣ ವೇಗದಲ್ಲಿ ಅದು ಒಂದು ಗಂಟೆಯೂ ಬಾರದು, 12 ಆಂಪಿಯರಿನ ನಿಧಾನ ವೇಗದಲ್ಲಿ ನಾಲ್ಕು ಗಂಟೆಯ ಸುಮಾರಿಗೆ ಬರುತ್ತದೆ. ವೇಗವನ್ನು ಇಮ್ಮಡಿಗೊಳಿಸಲು ಸುಮಾರು ಎಂಟು ಪಟ್ಟು ಶಕ್ತಿ ಬೇಕಾಗುವುದೇ ಇದಕ್ಕೆ ಕಾರಣ.

ಮೋಟಾರು ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಮೀಟರಿನಲ್ಲಿ ಅಳೆದಾಗ ತುಂಬಿದ ಸೀಸದ ಬ್ಯಾಟರಿ 12.6 ವೋಲ್ಟನ್ನೂ, ಅರ್ಧ ಖಾಲಿಯಾದುದು ಸುಮಾರು 12.2 ವೋಲ್ಟನ್ನೂ ತೋರಿಸುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ದುಬಾರಿ. ಆದರೆ 100 ಆಂಪಿಯರ್-ಗಂಟೆಯದು ಸುಮಾರು 12 ಕಿಲೋಗ್ರಾಂ ಮಾತ್ರ ತೂಗುತ್ತದೆ ಮತ್ತು ಅದರ ನೂರಕ್ಕೆ ಎಂಬತ್ತರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು. ಅದರಲ್ಲಿರುವ ರಕ್ಷಣಾ ಮಂಡಲವು ಮೋಟಾರಿನ ಪೂರ್ಣ ಪ್ರವಾಹಕ್ಕೆ ತಕ್ಕುದಾಗಿರಬೇಕು. ಸೀಸದ ಬ್ಯಾಟರಿ ಸೋಲುವಾಗ ದೋಣಿ ಮೆಲ್ಲಮೆಲ್ಲನೆ ನಿಧಾನವಾಗುತ್ತದೆ. ಲಿಥಿಯಂ ಬ್ಯಾಟರಿ ಬಹುತೇಕ ಕೊನೆಯವರೆಗೆ ಒಂದೇ ಸಮನೆ ಓಡಿ ನಡುನೀರಿನಲ್ಲಿ ಥಟ್ಟನೆ ನಿಲ್ಲುತ್ತದೆ.

ಎರಡು ಬ್ಯಾಟರಿಗಳ ಜೋಡಣೆ

12 ವೋಲ್ಟಿನ ಎರಡು ಬ್ಯಾಟರಿಗಳ ಧನ ತುದಿಗೆ ಧನ, ಋಣಕ್ಕೆ ಋಣ ಸೇರಿಸಿದರೆ ಅದು ಸಮಾಂತರ ಜೋಡಣೆ. ವೋಲ್ಟ್ 12ರಲ್ಲಿಯೇ ಉಳಿದು ಓಡುವ ಅವಧಿ ಹೆಚ್ಚುತ್ತದೆ. ಒಂದರ ಧನವನ್ನು ಇನ್ನೊಂದರ ಋಣಕ್ಕೆ ಸೇರಿಸಿ, ಉಳಿದ ಎರಡು ತುದಿಗಳನ್ನು ಮೋಟಾರಿಗೆ ಕೊಟ್ಟರೆ ಅದು ಸರಣಿ ಜೋಡಣೆ. ಆಗ 24 ವೋಲ್ಟ್ ದೊರೆಯುತ್ತದೆ. 24 ವೋಲ್ಟಿನ ಮೋಟಾರು ಅದೇ ಶಕ್ತಿಗೆ ಅರ್ಧದಷ್ಟು ಪ್ರವಾಹ ಎಳೆಯುವುದರಿಂದ ತೆಳುವಾದ ತಂತಿ ಸಾಕಾಗುತ್ತದೆ. ಆದರೆ 12 ವೋಲ್ಟ್ ಮೋಟಾರಿಗೆ ಈ ಜೋಡಣೆಯನ್ನು ಕೊಡಬಾರದು. ಎರಡೂ ಬ್ಯಾಟರಿಗಳು ಒಂದೇ ಬಗೆಯ, ಒಂದೇ ಸಾಮರ್ಥ್ಯದ, ಒಂದೇ ವಯಸ್ಸಿನವಾಗಿರಬೇಕು. ಹಳೆಯದು ಹೊಸದನ್ನೂ ಕೆಡಿಸುತ್ತದೆ.

ತೆಪ್ಪಕ್ಕೆ ಅಳವಡಿಕೆ

ದುಂಡು ತೆಪ್ಪಕ್ಕೆ ಮುಂದು ಹಿಂದು ಎಂಬುದಿಲ್ಲ. ಹಿಂದಿನಿಂದ ನೂಕಿದರೆ ಅದು ಬುಗುರಿಯಂತೆ ತಿರುಗಲು ನೋಡುತ್ತದೆ. ಆದುದರಿಂದಲೇ ಅಂಬಿಗನು ಸಾಮಾನ್ಯವಾಗಿ ಹೋಗಬೇಕಾದ ದಿಕ್ಕಿಗೆ ಮುಖಮಾಡಿ ಮುಂದಿನ ಅಂಚಿನಲ್ಲಿ ಕುಳಿತು ಹುಟ್ಟಿನಿಂದ ನೀರನ್ನು ತನ್ನೆಡೆಗೆ ಎಳೆಯುತ್ತಾನೆ. ಮುಂಭಾಗಕ್ಕೆ ಬಿಗಿಯುವ ಟ್ರೋಲಿಂಗ್ ಮೋಟಾರಿನ ತತ್ತ್ವವೂ ಇದೇ: ದೋಣಿಯನ್ನು ನೂಕದೆ ಎಳೆಯುವುದು. ಬಿದಿರಿನ ಅಂಚು ಹಿಡಿಕೆಯ ಒತ್ತಡವನ್ನು ತಾಳಲಾರದು. ಅಡ್ಡಲಾಗಿ ಗಟ್ಟಿ ಹಲಗೆಯನ್ನು ಕಟ್ಟಿ ಅದಕ್ಕೆ ಮೋಟಾರನ್ನು ಬಿಗಿಯಬೇಕು. ಬ್ಯಾಟರಿಯನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು, ತೆಪ್ಪದ ನಡುವೆ, ತಳದ ತೇವಕ್ಕೆ ತಾಗದಂತೆ ಹಲಗೆಯ ಮೇಲೆ ಕಟ್ಟಬೇಕು. ಸೀಸದ ಬ್ಯಾಟರಿ ಜಲಜನಕವನ್ನು ಬಿಡುವ ಕಾರಣ ಪೆಟ್ಟಿಗೆಗೆ ಗಾಳಿಯಾಡಲು ರಂಧ್ರ ಬೇಕು, ಅದರ ಹತ್ತಿರ ಬೀಡಿ ಸೇದಬಾರದು.

ಕೃಷ್ಣರಾಜಸಾಗರದಲ್ಲಿ ನೀರು ತಗ್ಗಿದಾಗ ಮುಳುಗಿದ ಊರುಗಳ ಗೋಡೆ, ಮರದ ಬೊಡ್ಡೆಗಳು ಮೇಲಕ್ಕೆ ಬರುತ್ತವೆ. ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವೂ ಸ್ಥಳಾಂತರಗೊಳ್ಳುವ ಮೊದಲು ಹೀಗೆಯೇ ಕಾಣಿಸಿಕೊಳ್ಳುತ್ತಿತ್ತು. ಇಂತಹ ಕಡೆ ಮೋಟಾರನ್ನು ಮೇಲೆತ್ತಿ ಹುಟ್ಟು ಹಾಕಬೇಕು. ಪ್ರೊಪೆಲರಿಗೆ ಬಲೆಯ ನೂಲು ಸುತ್ತಿಕೊಂಡರೆ ಪ್ರವಾಹ ಏರಿ ಫ್ಯೂಸ್ ಹೋಗುತ್ತದೆ. ಬಿಡಿಸುವ ಮುನ್ನ ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಲೇಬೇಕು.

ಗಾಳಿಯ ಜೊತೆಗೆ ಹೋಗುವಾಗ ಬ್ಯಾಟರಿ ಹೆಚ್ಚು ಕರಗುವುದಿಲ್ಲ, ಎದುರುಗಾಳಿಯಲ್ಲಿ ಮರಳುವಾಗ ಬೇಗ ಮುಗಿಯುತ್ತದೆ. ಬಳಸಬಹುದಾದ ಶಕ್ತಿಯ ಮೂರನೆಯ ಒಂದು ಭಾಗ ಮುಗಿದೊಡನೆ ದಡದ ಕಡೆಗೆ ತಿರುಗುವುದು ಸುರಕ್ಷಿತ. ತೆಪ್ಪದಲ್ಲಿ ಹುಟ್ಟು ಮತ್ತು ತಲೆಗೊಂದು ಲೈಫ್ ಜಾಕೆಟ್ ಇರಲೇಬೇಕು.

ನಿರ್ಬಂಧಗಳು

ದೋಣಿಯ ಬ್ಯಾಟರಿಯಿಂದ ನೀರಿಗೆ ವಿದ್ಯುತ್ ಹರಿಸಿ ಮೀನು ಹಿಡಿಯುವ ಅಭ್ಯಾಸಕ್ಕೂ ಈ ಮೋಟಾರಿಗೂ ಸಂಬಂಧವಿಲ್ಲ. ಆ ಅಭ್ಯಾಸ ಮರಿಮೀನುಗಳನ್ನು ನಾಶಮಾಡುತ್ತದೆ, ಹಿಡಿಯುವವರ ಪ್ರಾಣಕ್ಕೂ ಅಪಾಯ. ಕೆರೆ ಮತ್ತು ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕು ಮೀನುಗಾರಿಕೆ ಇಲಾಖೆಯ ಗುತ್ತಿಗೆ ಅಥವಾ ಪರವಾನಗಿಗೆ ಒಳಪಟ್ಟಿದೆ. ಅಣೆಕಟ್ಟೆಯ ಸಮೀಪಕ್ಕೆ ದೋಣಿ ಒಯ್ಯುವಂತಿಲ್ಲ. 1940ರಲ್ಲಿ ಘೋಷಿತವಾದ ರಂಗನತಿಟ್ಟು ಪಕ್ಷಿಧಾಮದ ವ್ಯಾಪ್ತಿಯಲ್ಲಿ ಮೀನುಗಾರಿಕೆಗೆ ಅವಕಾಶವಿಲ್ಲ. ಅಲ್ಲಿ ಪ್ರವಾಸಿಗರನ್ನು ಹುಟ್ಟು ಹಾಕುವ ದೋಣಿಗಳಲ್ಲಿ ಕರೆದೊಯ್ಯಲಾಗುತ್ತದೆ.